ಚೀಲಕ್ಕೆ ಮರಳಿದ ಒಂದು ನಾಣ್ಯ

ಮಗಳು ಸತ್ತಿದ್ದಾಳೆ. ಹೆಣದ ಪಕ್ಕ ಕೂತು ತಾಯಿ ಜೋಗುಳ ಹಾಡಿ ಮುಗಿಸಿದ್ದಾಳೆ. ಸೈನ್ಯ ಮುಂದಕ್ಕೆ ಹೊರಟಿದೆ. ಅದರ ಬೆನ್ನು ಹಿಡಿಯದಿದ್ದರೆ ವ್ಯಾಪಾರವಿಲ್ಲ, ವ್ಯಾಪಾರವಿಲ್ಲದಿದ್ದರೆ ಊಟವಿಲ್ಲ. ಮಣ್ಣು ಮಾಡುವ ಕೆಲಸವನ್ನು ಅಲ್ಲಿನ ರೈತರಿಗೆ ಒಪ್ಪಿಸಿ ತಾಯಿ ತನ್ನ ತೊಗಲಿನ ಚೀಲ ತೆರೆಯುತ್ತಾಳೆ. ಕೆಲವು ನಾಣ್ಯಗಳನ್ನು ತೆಗೆಯುತ್ತಾಳೆ. ಒಂದನ್ನು ಮತ್ತೆ ಚೀಲಕ್ಕೆ ಹಾಕುತ್ತಾಳೆ. ಉಳಿದದ್ದನ್ನು ರೈತರಿಗೆ ಕೊಟ್ಟು, ಗಾಡಿಗೆ ತಾನೇ ಹೆಗಲು ಕೊಡುತ್ತಾಳೆ.

ಜರ್ಮನ್ ನಾಟಕಕಾರ ಬರ್ಟೋಲ್ಟ್ ಬ್ರೆಕ್ಟನ ‘ಮದರ್ ಕರೇಜ್’ ನಾಟಕದ ಕೊನೆಯ ದೃಶ್ಯವಿದು. 1949ರ ಜನವರಿ 11ರಂದು ಬರ್ಲಿನ್ನಿನ ಡಾಯ್ಚಸ್ ಥಿಯೇಟರಿನಲ್ಲಿ ಈ ತಾಯಿಯಾಗಿ ರಂಗಕ್ಕೆ ಬಂದವಳು ಹೆಲೆನೆ ವೈಗೆಲ್. ನಾಟಕದ ಮಾತಿನಲ್ಲಿ ತಾಯಿ ಖರ್ಚಿಗೆ ಹಣ ಕೊಡುತ್ತಾಳೆ, ಅಷ್ಟೇ. ಒಂದು ನಾಣ್ಯ ಹಿಂದಕ್ಕೆ ಹೋದದ್ದು ನಟಿಯ ಕೈಯಿಂದ. ಎರಡು ಕ್ಷಣದ ಆ ಕೆಲಸದಲ್ಲಿ ಇಡೀ ನಾಟಕ ಅಡಗಿದೆ. ಯುದ್ಧದಿಂದ ಬದುಕುತ್ತೇನೆಂದು ಹೊರಟವಳು ಮೂರೂ ಮಕ್ಕಳನ್ನು ಅದೇ ಯುದ್ಧಕ್ಕೆ ಕಳೆದುಕೊಂಡಿದ್ದಾಳೆ, ಆದರೂ ಲೆಕ್ಕ ಬಿಟ್ಟಿಲ್ಲ. ಅವಳನ್ನು ಜಿಪುಣಿ ಎಂದು ಬೈಯಲು ನಮಗೆ ಬಾಯಿ ಬರುವುದಿಲ್ಲ, ಯಾಕೆಂದರೆ ನಾಳೆಯ ಹೊಟ್ಟೆಗೆ ಆ ನಾಣ್ಯ ಬೇಕು. ಬರೀ ಅಯ್ಯೋ ಪಾಪ ಎನ್ನಲೂ ಆಗುವುದಿಲ್ಲ, ಯಾಕೆಂದರೆ ಆ ಲೆಕ್ಕವೇ ಮಕ್ಕಳನ್ನು ತಿಂದಿದೆ.

ನಮ್ಮ ರಂಗಭೂಮಿಯಲ್ಲಿ ಬ್ರೆಕ್ಟನ ಹೆಸರು ಹಳೆಯದು. ಅವನ ನಾಟಕಗಳು ಕನ್ನಡಕ್ಕೆ ಬಂದಿವೆ, ಅವನ ಸಿದ್ಧಾಂತವನ್ನು ಶಿಬಿರಗಳಲ್ಲಿ ಪಾಠ ಮಾಡುತ್ತೇವೆ. ಆ ಸಿದ್ಧಾಂತಕ್ಕೆ ಮೈ ಕೊಟ್ಟ ನಟಿಯ ಹೆಸರು ಬಂದರೆ ‘ಬ್ರೆಕ್ಟನ ಹೆಂಡತಿ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಇದು ಅನ್ಯಾಯ ಮಾತ್ರವಲ್ಲ, ಬ್ರೆಕ್ಟನನ್ನು ತಪ್ಪಾಗಿ ಓದುವುದಕ್ಕೂ ಇದೇ ದಾರಿ. ಭಾವವನ್ನು ಅದುಮಿಡುವ ಒಣ ನಟನೆಯೇ ಬ್ರೆಕ್ಟನ ಶೈಲಿ ಎಂದು ನಂಬಿದವರು ವೈಗೆಲ್‌ಳನ್ನು ನೋಡಿಲ್ಲ. ದುಃಖ ಮತ್ತು ಹೊಟ್ಟೆಪಾಡು ಒಂದೇ ಮೈಯಲ್ಲಿ, ಒಂದೇ ಗಳಿಗೆಯಲ್ಲಿ ಇರುತ್ತವೆ ಎಂಬುದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಆಕೆಯ ಸಾಧನೆ. ಅದನ್ನು ಆಕೆ ಮುಖದಿಂದ ಮಾಡಿದ್ದಕ್ಕಿಂತ ಹೆಚ್ಚಾಗಿ ಕೈಯಿಂದ ಮಾಡಿದಳು.

ವೈಗೆಲ್ ಹುಟ್ಟಿದ್ದು 1900ರ ಮೇ 12ರಂದು, ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ಓದಿದ್ದು ಹೆಣ್ಣುಮಕ್ಕಳ ಶಿಕ್ಷಣಕ್ಕೆ ಹೊಸ ದಾರಿ ತೆರೆದಿದ್ದ ಓಯ್ಗೆನಿ ಶ್ವಾರ್ಟ್ಸ್‌ವಾಲ್ಡ್ ಅವರ ಶಾಲೆಯಲ್ಲಿ. ಮನೆಯವರ ವಿರೋಧದ ನಡುವೆಯೇ ನಾಟಕಕ್ಕೆ ಬಂದು, 1919ರಲ್ಲಿ ಫ್ರಾಂಕ್‌ಫರ್ಟ್ ಸೇರಿ, 1922ರಲ್ಲಿ ಬರ್ಲಿನ್ನಿಗೆ ಬಂದಳು. ಮರುವರ್ಷ ಬ್ರೆಕ್ಟನ ಪರಿಚಯವಾಯಿತು. 1924ರಲ್ಲಿ ಮಗ ಹುಟ್ಟಿದ, 1929ರಲ್ಲಿ ಮದುವೆಯಾಯಿತು, 1930ರಲ್ಲಿ ಮಗಳು ಹುಟ್ಟಿದಳು. ಬ್ರೆಕ್ಟನ ಬದುಕಿನಲ್ಲಿ ಬೇರೆ ಹೆಂಗಸರೂ ಇದ್ದರು, ಅದರ ನೋವನ್ನು ಆಕೆ ಉಂಡದ್ದೂ ನಿಜ. ಆದರೆ ನಟಿಯನ್ನು ಅಳೆಯಲು ಆ ಕತೆ ಅಳತೆಗೋಲಲ್ಲ.

ಆಗಿನ ಜರ್ಮನ್ ರಂಗದಲ್ಲಿ ಅಭಿವ್ಯಕ್ತಿವಾದದ ಅಬ್ಬರವಿತ್ತು. ನಟರು ಕಿರುಚುತ್ತಿದ್ದರು, ನೆಲಕ್ಕೆ ಬೀಳುತ್ತಿದ್ದರು. ವೈಗೆಲ್ ಕೂಡ ದೊಡ್ಡ ಗಂಟಲಿನ ನಟಿಯಾಗಿಯೇ ಶುರು ಮಾಡಿದಳು. ತಿರುವು ಕಾಣುವುದು 1929ರಲ್ಲಿ, ಲಿಯೋಪೋಲ್ಡ್ ಯೆಸ್ನರ್ ಬರ್ಲಿನ್ನಿನಲ್ಲಿ ಆಡಿಸಿದ ‘ಈಡಿಪಸ್’ ನಾಟಕದಲ್ಲಿ. ಆಕೆಯದು ಚಿಕ್ಕ ಪಾತ್ರ: ರಾಣಿ ಯೊಕಾಸ್ಟಾ ಸತ್ತ ಸುದ್ದಿಯನ್ನು ಹೊರಗೆ ಬಂದು ಹೇಳುವ ದಾಸಿ. ಗೋಳಾಡಲು ಎಲ್ಲ ಅವಕಾಶವೂ ಇದ್ದ ಈ ಪಾತ್ರದಲ್ಲಿ ಆಕೆ ಗೋಳಾಡಲಿಲ್ಲ. ಸಾವಿನ ಮಾತನ್ನು ಭಾವ ಬೆರೆಸದೆ, ಆದರೆ ಎದೆಗೆ ಇರಿಯುವ ದನಿಯಲ್ಲಿ ಕೂಗಿ ಹೇಳಿದಳು. ಆ ದನಿಯಲ್ಲಿ ಸುದ್ದಿ ತಂದವಳ ಸಂಕಟಕ್ಕಿಂತ ಸತ್ತವಳ ಸಾವೇ ದೊಡ್ಡದಾಗಿ ಕೇಳಿಸಿತು. ಬ್ರೆಕ್ಟ್ ತನ್ನ ನಟನೆಯ ವಿಚಾರಗಳನ್ನು ಸಂವಾದದ ರೂಪದಲ್ಲಿ ಬರೆದಾಗ ಉದಾಹರಣೆಯಾಗಿ ಎತ್ತಿಕೊಂಡದ್ದು ಇದನ್ನೇ. ಇಲ್ಲಿ ಒಂದು ವಿಷಯ ಗಮನಿಸಬೇಕು. ಅವನ ಸಿದ್ಧಾಂತದ ದೊಡ್ಡ ಬರಹಗಳೆಲ್ಲ ಬಂದದ್ದು ಇದಾದ ಮೇಲೆ. ಸಿದ್ಧಾಂತ ಹೇಳಿದಂತೆ ನಟಿ ಕುಣಿದಳೆಂಬ ಕತೆ ತಲೆಕೆಳಗಾದದ್ದು. ಬಹಳ ಸಲ ನಟಿ ಮಾಡಿ ತೋರಿಸಿದ್ದಕ್ಕೆ ಅವನು ಮಾತು ಹುಡುಕುತ್ತಿದ್ದ.

1932ರ ಜನವರಿಯಲ್ಲಿ ಗಾರ್ಕಿಯ ಕಾದಂಬರಿ ಆಧರಿಸಿದ ಬ್ರೆಕ್ಟನ ‘ತಾಯಿ’ ನಾಟಕದಲ್ಲಿ ಆಕೆ ಪೆಲಗೇಯಾ ವ್ಲಾಸೋವಾ ಆದಳು. ವಯಸ್ಸು 31. ಅಕ್ಷರ ಬಾರದ ವಿಧವೆಯೊಬ್ಬಳು ಮಗನ ಊಟದ ಚಿಂತೆಯಿಂದ ಶುರುಮಾಡಿ ಕ್ರಾಂತಿಕಾರಿಣಿಯಾಗುವ ಕತೆಯದು. ಬರ್ಲಿನ್ನಿನ ಕಾರ್ಮಿಕರ ಬಡಾವಣೆ ಮೋಆಬಿಟ್‌ನಲ್ಲಿ ಪೊಲೀಸರು ಪ್ರದರ್ಶನ ತಡೆದರು. ಆಡುವಂತಿಲ್ಲ ಎಂದಾಗ ನಟರು ನಾಟಕವನ್ನು ಓದಿ ಹೇಳಿದರು. ವೇಷ, ಚಲನೆ, ರಂಗಸಜ್ಜಿಕೆ ಯಾವುದೂ ಇಲ್ಲದೆ ಬರೀ ಮಾತು ನಿಲ್ಲಬಲ್ಲುದೇ ಎಂಬ ಪರೀಕ್ಷೆ ಆ ರಾತ್ರಿ ನಡೆದುಹೋಯಿತು. ವ್ಲಾಸೋವಾ ಪಾತ್ರ ಆಕೆಯ ಕೈಬಿಡಲೇ ಇಲ್ಲ. ಬದುಕಿನ ಕೊನೆಯ ಪ್ರದರ್ಶನವೂ ಅದೇ ಆಯಿತು.

1933ರ ಫೆಬ್ರವರಿ 27ರ ರಾತ್ರಿ ಜರ್ಮನ್ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ನಾಜಿಗಳ ಭಯದಿಂದ ಮರುದಿನವೇ ಬ್ರೆಕ್ಟ್ ಮತ್ತು ವೈಗೆಲ್ ದೇಶ ಬಿಟ್ಟರು. ಅಲ್ಲಿಂದ ಪ್ರಾಗ್, ವಿಯೆನ್ನಾ, ಸ್ವಿಟ್ಜರ್‌ಲೆಂಡ್. ಆಮೇಲೆ ಡೆನ್ಮಾರ್ಕಿನ ಸ್ವೆಂಡ್‌ಬೋರ್ ಬಳಿಯ ಮನೆ. ಮುಂದೆ ಸ್ವೀಡನ್, ಫಿನ್‌ಲೆಂಡ್. 1941ರಲ್ಲಿ ಮಾಸ್ಕೋ, ವ್ಲಾದಿವೊಸ್ತೋಕ್ ದಾಟಿ ಅಮೆರಿಕ. 32ರಿಂದ 47ರವರೆಗೆ, ನಟಿಯೊಬ್ಬಳ ಮಾಗುವ ವಯಸ್ಸೆಲ್ಲ ಹೀಗೆ ಅಲೆದಾಟದಲ್ಲಿ ಕಳೆಯಿತು. ಬರಹಗಾರ ಎಲ್ಲಿ ಹೋದರೂ ಕಾಗದದ ಮೇಲೆ ಬರೆಯಬಹುದು. ನಟಿಗೆ ತನ್ನ ಭಾಷೆ ಕೇಳುವ ಜನ ಬೇಕು. ಈ ಹದಿನೈದು ವರ್ಷಗಳಲ್ಲಿ ಆಕೆಗೆ ಸಿಕ್ಕ ರಂಗದ ಕೆಲಸ ಬೆರಳೆಣಿಕೆಯಷ್ಟು. 1937ರಲ್ಲಿ ಪ್ಯಾರಿಸ್ಸಿನಲ್ಲಿ ಬ್ರೆಕ್ಟನ ‘ಸೆನ್ಯೋರಾ ಕರಾರಳ ಬಂದೂಕುಗಳು’, ಮರುವರ್ಷ ಅಲ್ಲಿಯೇ ನಾಜಿ ಜರ್ಮನಿಯ ಬದುಕಿನ ಚಿಕ್ಕ ದೃಶ್ಯಗಳು. ಕರಾರ್ ಸ್ಪೇನಿನ ಮೀನುಗಾರರ ಮನೆಯ ತಾಯಿ. ಗಂಡುಮಕ್ಕಳನ್ನು ಯುದ್ಧಕ್ಕೆ ಕಳಿಸೆನೆಂದು ಹಟ ಹಿಡಿದವಳು ನಾಟಕದುದ್ದಕ್ಕೂ ರೊಟ್ಟಿ ಬೇಯಿಸುತ್ತಿರುತ್ತಾಳೆ. ವಾದ ನಡೆಯುತ್ತಿರುವಾಗಲೂ ಒಲೆಯ ಮೇಲೆ ಗಮನವಿರಬೇಕು. ಮನಸ್ಸು ಒಂದು ಕಡೆ, ಕೈ ಇನ್ನೊಂದು ಕಡೆ ಎಂಬ ಮನೆವಾರ್ತೆಯ ಸತ್ಯ ಇಲ್ಲಿ ನಟನೆಯ ವಿಧಾನವಾಯಿತು.

1939ರ ಶರತ್ಕಾಲದಲ್ಲಿ, ಯುದ್ಧ ಶುರುವಾದ ಕೂಡಲೇ, ಸ್ವೀಡನ್ನಿನಲ್ಲಿ ಕೂತು ಬ್ರೆಕ್ಟ್ ‘ಮದರ್ ಕರೇಜ್’ ಬರೆದ. ಅದರಲ್ಲಿ ಕರೇಜಳ ಮಗಳು ಕಾಟ್ರಿನ್ ಮೂಗಿ. ಪರಭಾಷೆಯ ರಂಗದಲ್ಲೂ ವೈಗೆಲ್ ಆಡಲು ಆಗಲಿ ಎಂದೇ ಮಾತಿಲ್ಲದ ಆ ಪಾತ್ರ ಹುಟ್ಟಿತು ಎನ್ನುತ್ತಾರೆ. ಅದೂ ಕೈಗೂಡಲಿಲ್ಲ. ಅಮೆರಿಕದಲ್ಲಿ ಆಕೆಗೆ ಸಿಕ್ಕಿದ್ದು 1944ರ ‘ದ ಸೆವೆಂತ್ ಕ್ರಾಸ್’ ಸಿನಿಮಾದಲ್ಲಿ ಒಂದೂ ಮಾತಿಲ್ಲದ, ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಪಾತ್ರ. ಉಳಿದಂತೆ ಆಕೆ ಅಡುಗೆ ಮಾಡಿದಳು, ಹಳೆ ಸಾಮಾನು ತಂದು ಮನೆ ಕಟ್ಟಿದಳು, ದೇಶ ಕಳೆದುಕೊಂಡು ಬಂದವರಿಗೆ ಊಟ ಹಾಕಿದಳು. ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ನನ್ನ ಮಟ್ಟಿಗೆ ಇದು ನಷ್ಟ. ಆ ಹದಿನೈದು ವರ್ಷಗಳಲ್ಲಿ ಆಗದೆ ಹೋದ ಪಾತ್ರಗಳನ್ನು ಯಾರೂ ಮರಳಿ ಕೊಡಲಾರರು. ಆದರೆ ಆಕೆ ಆ ನಷ್ಟದಿಂದಲೂ ಗಳಿಸಿಕೊಂಡು ಬಂದದ್ದು ಒಂದಿದೆ: ವಸ್ತುಗಳ ಬೆಲೆ. ಚಮಚ, ಚೀಲ, ಬಟ್ಟೆ ಇವು ಇಲ್ಲದಾಗ ಏನಾಗುತ್ತದೆ ಎಂದು ಬಲ್ಲವಳು ಅವುಗಳನ್ನು ಹಿಡಿಯುವ ರೀತಿಯೇ ಬೇರೆ.

ಅಮೆರಿಕದಿಂದ ಯುರೋಪಿಗೆ ಮರಳಿದ ಮೇಲೆ, 1948ರ ಫೆಬ್ರವರಿಯಲ್ಲಿ ಸ್ವಿಟ್ಜರ್‌ಲೆಂಡಿನ ಕೂರ್ ಎಂಬ ಸಣ್ಣ ಊರಿನಲ್ಲಿ ಆಕೆ ಮತ್ತೆ ರಂಗ ಹತ್ತಿದಳು, 47ನೇ ವಯಸ್ಸಿನಲ್ಲಿ, ಗ್ರೀಕ್ ದುರಂತದ ನಾಯಕಿ ಆಂಟಿಗೊನೆಯಾಗಿ. ಹುಡುಗಿಯ ಪಾತ್ರಕ್ಕೆ ನಡುವಯಸ್ಸಿನ ನಟಿ ಎಂಬುದು ಅಡ್ಡಿಯಾಗಲಿಲ್ಲ. ಬೆನ್ನಿಗೆ ಮರದ ಹಲಗೆ ಕಟ್ಟಿಸಿಕೊಂಡು ನಿಂತ ಆಕೆಯ ಚಿತ್ರಗಳು ಇಂದಿಗೂ ಉಳಿದಿವೆ. ಆ ಭಾರ ಎದೆ ಬಡಿದುಕೊಂಡು ತೋರಿಸುವಂಥದ್ದಲ್ಲ. ಹೆಗಲು ಬಾಗಿದ ರೀತಿಯೇ ಎಲ್ಲವನ್ನೂ ಹೇಳುತ್ತದೆ. ಮುಂದಿನ ವರ್ಷ ಎಳೆಯಬೇಕಿದ್ದ ಗಾಡಿಗೆ ಅದು ತಾಲೀಮಿನಂತಿತ್ತು.

‘ಮದರ್ ಕರೇಜ್’ ಪಾತ್ರವನ್ನು ಮೊದಲು ಮಾಡಿದವಳು ವೈಗೆಲ್ ಅಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. 1941ರ ಏಪ್ರಿಲ್ 19ರಂದು ಜ್ಯೂರಿಕ್‌ನಲ್ಲಿ ಆ ಪಾತ್ರ ಮಾಡಿದವಳು ಟೆರೇಜೆ ಗೀಸೆ, ಮ್ಯೂನಿಕ್‌ನಿಂದ ತಪ್ಪಿಸಿಕೊಂಡು ಬಂದ ಇನ್ನೊಬ್ಬ ಮಹಾನಟಿ. ಆಕೆಯನ್ನು ಕಂಡು ವಿಮರ್ಶಕರು ಮಕ್ಕಳನ್ನೆಲ್ಲ ಕಳೆದುಕೊಂಡ ಗ್ರೀಕ್ ಪುರಾಣದ ನಿಯೋಬೆಯನ್ನು ನೆನೆದರು. ಎಲ್ಲವನ್ನೂ ಸಹಿಸುವ ಅಮರ ತಾಯಿ ಎಂದರು. ಬ್ರೆಕ್ಟನಿಗೆ ಇದು ಹಿಡಿಸಲಿಲ್ಲ. ಅವನು ಕೆಲವು ದೃಶ್ಯಗಳನ್ನು ತಿದ್ದಿದ. ಗಾಯಗೊಂಡವರಿಗೆ ಕಟ್ಟಲು ಅಂಗಿಗಳನ್ನು ಕೊಡುವ ಜಾಗದಲ್ಲಿ ತಾಯಿ ಕೊಡಲು ಒಪ್ಪದಂತೆ ಮಾಡಿದ. ಮೊದಲ ದೃಶ್ಯದಲ್ಲಿ ಅವಳು ಸೊಂಟಪಟ್ಟಿಯ ಬಕಲ್ ಮಾರುವುದರಲ್ಲಿ ಮುಳುಗಿರುವಾಗಲೇ ಹಿರಿಮಗನನ್ನು ಸೈನ್ಯಕ್ಕೆ ಎಳೆದುಕೊಂಡು ಹೋಗುವಂತೆ ಮಾಡಿದ. ಬರ್ಲಿನ್ನಿನಲ್ಲಿ ವೈಗೆಲ್ ಹೊತ್ತದ್ದು ಈ ತಿದ್ದಿದ ತಾಯಿಯನ್ನು. ಅಂದರೆ ಪ್ರೇಕ್ಷಕರ ಪ್ರೀತಿ ಸುಲಭವಾಗಿ ಸಿಗದ ಹಾಗೆ ಕಟ್ಟಿದ ಪಾತ್ರವನ್ನು.

ಈಗ ಮೂರನೆಯ ದೃಶ್ಯಕ್ಕೆ ಬರೋಣ. ಪ್ರಾಮಾಣಿಕನಾದ ಕಿರಿಮಗ ಶತ್ರುಗಳ ಕೈಗೆ ಸಿಕ್ಕಿಬಿದ್ದಿದ್ದಾನೆ. ದುಡ್ಡು ಕೊಟ್ಟರೆ ಬಿಡುತ್ತಾರೆ. ಗಾಡಿ ಅಡವಿಟ್ಟು ಬರುವ ಇನ್ನೂರರಲ್ಲಿ ಎಷ್ಟು ಕೊಡುವುದು, ಎಷ್ಟು ಉಳಿಸಿಕೊಳ್ಳುವುದು? ತಾಯಿ ಚೌಕಾಸಿ ಮಾಡುತ್ತಾಳೆ. ಮಧ್ಯವರ್ತಿ ಹೋಗುತ್ತಾಳೆ, ಬರುತ್ತಾಳೆ. ತಾಯಿ ಒಪ್ಪುವಷ್ಟರಲ್ಲಿ ಹೊತ್ತು ಮೀರಿದೆ. ಗುಂಡಿನ ಸದ್ದು ಕೇಳುತ್ತದೆ. ಆಗ ವೈಗೆಲ್ ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದಳು. ದನಿ ಬರಲಿಲ್ಲ. ಸುತ್ತ ಸೈನಿಕರಿದ್ದಾರೆ, ಕೂಗಿದರೆ ತಾನು ತಾಯಿಯೆಂದು ಗೊತ್ತಾಗುತ್ತದೆ. ಆಮೇಲೆ ಬಾಯಿ ಮುಚ್ಚಿತು, ಮೈ ಕುಸಿಯಿತು. ಮುಂದೆ ಹೆಣ ತಂದು ಇವನನ್ನು ಗೊತ್ತೇ ಎಂದು ಕೇಳಿದಾಗ ಆಕೆ ತಲೆಯಾಡಿಸಿದಳು: ಇಲ್ಲ.

ಇಪ್ಪತ್ತನೆಯ ಶತಮಾನದ ರಂಗಭೂಮಿಯಲ್ಲಿ ಈ ಮೂಕ ಕೂಗಿನಷ್ಟು ಬಣ್ಣಿಸಲ್ಪಟ್ಟ ಕ್ಷಣ ಇನ್ನೊಂದಿರಲಾರದು. ಅದರ ಮೂಲದ ಬಗ್ಗೆ ಬ್ರೆಕ್ಟ್ ಬರೆದಿಟ್ಟ ಟಿಪ್ಪಣಿ ನಮ್ಮ ಓದುಗರಿಗೆ ವಿಶೇಷವಾಗಿ ತಾಕಬೇಕು. ಸಿಂಗಪುರದ ಮೇಲೆ ಶೆಲ್ ದಾಳಿ ನಡೆದಾಗ ಸತ್ತ ಮಗನ ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತ ಭಾರತೀಯ ಹೆಂಗಸೊಬ್ಬಳ ಪತ್ರಿಕಾ ಫೋಟೋದಿಂದ ಆ ಭಂಗಿ ಬಂದಿರಬೇಕು ಎಂದು ಅವನು ಹೇಳುತ್ತಾನೆ. ವೈಗೆಲ್ ಅದನ್ನು ವರ್ಷಗಳ ಹಿಂದೆ ನೋಡಿದ್ದಿರಬೇಕು, ಆದರೆ ಕೇಳಿದಾಗ ಆಕೆಗೆ ನೆನಪಿರಲಿಲ್ಲ. ನಟರು ಕಂಡದ್ದನ್ನು ಕೂಡಿಡುವುದು ಹೀಗೆಯೇ ಎಂಬುದು ಅವನ ಮಾತಿನ ಸಾರ. ಹೆಸರೂ ಗೊತ್ತಿಲ್ಲದ ಆ ತಾಯಿಯ ಬಾಯಿ ಬರ್ಲಿನ್ನಿನ ರಂಗದ ಮೇಲೆ ಮತ್ತೆ ತೆರೆದುಕೊಂಡಿತು. ಒಂದೇ ವ್ಯತ್ಯಾಸ, ಸಿಂಗಪುರದ ತಾಯಿ ಅತ್ತಳು. ಕರೇಜಳಿಗೆ ಅಳುವ ಹಕ್ಕೂ ಉಳಿದಿರಲಿಲ್ಲ, ಆ ಹಕ್ಕನ್ನು ಅವಳು ಚೌಕಾಸಿಯಲ್ಲಿ ಕಳೆದುಕೊಂಡಿದ್ದಳು. ಭಾವವನ್ನು ತಡೆಹಿಡಿದದ್ದು ಶೈಲಿಯ ಹಟದಿಂದಲ್ಲ, ಸನ್ನಿವೇಶವೇ ಅದನ್ನು ಕೇಳಿತು. ಪ್ರೇಕ್ಷಕರನ್ನು ದೂರ ನಿಲ್ಲಿಸುವ ಬ್ರೆಕ್ಟನ ತಂತ್ರ ಎಂದು ನಾವು ಕಲಿಸುವುದೆಲ್ಲ ಈ ಒಂದು ಉದಾಹರಣೆಯಿಂದ ಶುರುವಾಗಬೇಕು.

ಇನ್ನು ವಸ್ತುಗಳ ವಿಷಯ. ಕರೇಜಳ ಜಾಕೆಟ್ಟಿನ ಮೇಲೆ ಒಂದು ಚಮಚ ಸಿಕ್ಕಿಸಿರುತ್ತದೆ. ಎಲ್ಲಿ ಊಟ ಸಿಕ್ಕರೂ ಉಣ್ಣಲು ಸಿದ್ಧ ಎಂಬ ಅಲೆಮಾರಿಯ ಗುರುತು ಅದು. ಸೊಂಟದ ಚೀಲವನ್ನು ಆಕೆ ಪ್ರತಿ ವ್ಯವಹಾರದ ಕೊನೆಗೂ ಟಕ್ಕನೆ ಮುಚ್ಚುತ್ತಿದ್ದಳು. ಆ ಸದ್ದೇ ಒಂದು ಮಾತಿನಂತೆ ಕೇಳುತ್ತಿತ್ತು. ಮೊದಲ ದೃಶ್ಯದಲ್ಲಿ ಸಾರ್ಜೆಂಟ್ ಕೊಟ್ಟ ನಾಣ್ಯವನ್ನು ಹಲ್ಲಿನಿಂದ ಕಚ್ಚಿ ನೋಡಿದಳು. ವ್ಯಾಪಾರ ಕುದುರಿದ ಏಳನೆಯ ದೃಶ್ಯದಲ್ಲಿ ಕೊರಳಿಗೆ ಬೆಳ್ಳಿ ನಾಣ್ಯಗಳ ಸರ ಬಂತು. ಅದಕ್ಕೆ ಹಿಂದಿನ ದೃಶ್ಯದಲ್ಲಷ್ಟೇ ಮಗಳ ಮುಖಕ್ಕೆ ಗಾಯವಾಗಿ ಅವಳು ಯುದ್ಧಕ್ಕೆ ಶಾಪ ಹಾಕಿದ್ದಳು. ಶಾಪದ ಬೆನ್ನಿಗೇ ಸರ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ವಿವರಿಸಬೇಕಾಗಿಲ್ಲ. ತನ್ನ ಪಾತ್ರಗಳ ಸಾಮಾನುಗಳನ್ನು ವೈಗೆಲ್ ತಾನೇ ಆರಿಸುತ್ತಿದ್ದಳು. ಹಳತು, ಚೆಲುವು, ಬಳಕೆ ಎಲ್ಲವನ್ನೂ ನೋಡಿ ಆರಿಸುವ ಆ ಕಣ್ಣಿನ ಬಗ್ಗೆ ಬ್ರೆಕ್ಟ್ ಒಂದು ಕವಿತೆಯನ್ನೇ ಬರೆದಿದ್ದಾನೆ. ನಮ್ಮ ಎಷ್ಟೋ ಪ್ರಯೋಗಗಳಲ್ಲಿ ಸಾಮಾನು ಎಂದರೆ ಕೊನೆಯ ವಾರ ಯಾರೋ ಹುಡುಗ ಹೋಗಿ ತರುವ ಪಟ್ಟಿ. ಅಲ್ಲಿ ಅದು ಪಾತ್ರ ಹುಟ್ಟುವ ಜಾಗವಾಗಿತ್ತು.

ಇಷ್ಟೆಲ್ಲ ಮಾಡಿಯೂ ಬರ್ಲಿನ್ನಿನ ಪ್ರೇಕ್ಷಕರು ಅತ್ತರು. ಹಾಗಾದರೆ ಪ್ರಯೋಗ ಸೋತಿತೇ? ನಾಟಕಕಾರ ಫ್ರೀಡ್ರಿಶ್ ವೋಲ್ಫ್ 1949ರಲ್ಲೇ ಬ್ರೆಕ್ಟನ ಎದುರು ಈ ಬಗೆಯ ಪ್ರಶ್ನೆ ಎತ್ತಿದ್ದ: ಕೊನೆಗಾದರೂ ತಾಯಿ ಬುದ್ಧಿ ಕಲಿಯಬೇಡವೇ? ತಾಯಿ ಕಲಿಯದಿದ್ದರೂ ಅವಳನ್ನು ನೋಡುವವರು ಕಲಿಯಬಹುದು ಎಂಬುದು ಬ್ರೆಕ್ಟನ ಉತ್ತರವಾಗಿತ್ತು. ಇಬ್ಬರ ವಾದದಲ್ಲೂ ಹುರುಳಿದೆ, ಆದರೆ ಇಬ್ಬರೂ ನಟಿ ಸಾಧಿಸಿದ್ದಕ್ಕೆ ಪೂರ್ತಿ ಬೆಲೆ ಕಟ್ಟಲಿಲ್ಲ. ಯುದ್ಧ ಮುಗಿದು ನಾಲ್ಕು ವರ್ಷವೂ ಆಗದ ನಗರವದು. ಕೂತಿದ್ದವರಲ್ಲಿ ಮಕ್ಕಳನ್ನು ಕಳೆದುಕೊಂಡವರಿದ್ದರು, ಯುದ್ಧದಿಂದ ಉಂಡವರೂ ಇದ್ದರು, ಎರಡೂ ಆಗಿದ್ದವರು ಬಹಳ ಮಂದಿ ಇದ್ದಿರಬೇಕು. ವೈಗೆಲ್ ಅವರಿಗೆ ಅಳಲು ಬಿಟ್ಟಳು, ಆದರೆ ಅಳುವಿನಲ್ಲಿ ತೊಳೆದುಹೋಗಲು ಬಿಡಲಿಲ್ಲ. ಕಣ್ಣೀರು ಬಂದ ಕೂಡಲೇ ಚೀಲದ ಸದ್ದು ಕೇಳಿಸಿದಳು. ಮರುಕ ಮತ್ತು ವಿಚಾರ ಒಂದನ್ನೊಂದು ಕೊಲ್ಲಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ನನಗೆ ಗೊತ್ತಿಲ್ಲ.

ನಟಿಯಷ್ಟೇ ದೊಡ್ಡವಳು ಸಂಸ್ಥೆ ಕಟ್ಟಿದ ವೈಗೆಲ್. 1949ರಲ್ಲಿ ಬರ್ಲಿನರ್ ಆನ್ಸಾಂಬ್ಲ್ ನಾಟಕ ತಂಡ ಹುಟ್ಟಿದಾಗ ಅದರ ಮುಖ್ಯಸ್ಥೆ ಆಕೆ, ಬ್ರೆಕ್ಟ್ ಅಲ್ಲ. ಕೊನೆಯವರೆಗೂ, ಅಂದರೆ 22 ವರ್ಷ, ಆ ಕುರ್ಚಿ ಆಕೆಯದೇ. ಪಾಳುಬಿದ್ದ ನಗರದಲ್ಲಿ ನಟರಿಗೆ ಮನೆ, ಒಲೆಗೆ ಕಲ್ಲಿದ್ದಲು, ಊಟ ಹೊಂದಿಸುವುದರಿಂದ ಹಿಡಿದು ಸರ್ಕಾರದ ಜತೆ ಜಗಳದವರೆಗೆ ಎಲ್ಲವೂ ಆಕೆಯ ತಲೆಯ ಮೇಲೆ. 1954ರಲ್ಲಿ ತಂಡಕ್ಕೆ ಶಿಫ್‌ಬಾವರ್‌ಡಾಮ್ ಬೀದಿಯ ಸ್ವಂತ ರಂಗಮಂದಿರ ಸಿಕ್ಕಿತು. ಅದೇ ವರ್ಷ ಪ್ಯಾರಿಸ್ಸಿನಲ್ಲಿ ‘ಮದರ್ ಕರೇಜ್’ ಬಹುಮಾನ ಗೆದ್ದಿತು. ವಿಮರ್ಶಕ ರೋಲಾಂ ಬಾರ್ತ್ ಬ್ರೆಕ್ಟನ ಪಕ್ಷ ಹಿಡಿದು ಬರೆಯತೊಡಗಿದ. 1956ರ ಆಗಸ್ಟ್ 14ರಂದು ಬ್ರೆಕ್ಟ್ ತೀರಿಕೊಂಡ. ಎರಡು ವಾರ ಕಳೆಯುವ ಮೊದಲೇ ತಂಡ ಲಂಡನ್ನಿನಲ್ಲಿ ಆಡತೊಡಗಿತು, ಆಕೆ ಕರೇಜ್ ಆಗಿ ಗಾಡಿ ಎಳೆದಳು.

ಮೆಚ್ಚುಗೆಯ ಜತೆಗೆ ತಕರಾರನ್ನೂ ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಬ್ರೆಕ್ಟ್ ಹೋದ ಮೇಲೆ ಆಕೆ ಕಾಪಾಡುವವಳಾದಳು, ಕಾಪಾಡುವುದೇ ನಿಧಾನವಾಗಿ ಬಿಗಿಯಾಯಿತು. ಹಳೆಯ ಪ್ರಯೋಗಗಳು ಅಚ್ಚುಕಟ್ಟಾಗಿ ಉಳಿದವು, ಹೊಸ ಗಾಳಿ ಬರಲು ಕಷ್ಟವಾಯಿತು. ಎಲ್ಲವನ್ನೂ ಪ್ರಶ್ನಿಸು ಎಂದ ನಾಟಕಕಾರನ ಮನೆ ವಸ್ತುಸಂಗ್ರಹಾಲಯವಾಗುತ್ತಿದೆ ಎಂಬ ದೂರಿನಲ್ಲಿ ಸತ್ಯವಿತ್ತು. ಪ್ರತಿಭಾವಂತ ನಿರ್ದೇಶಕರು ಒಬ್ಬೊಬ್ಬರಾಗಿ ಹೊರಟರು. 1961ರಲ್ಲಿ ಪೀಟರ್ ಪಾಲಿಚ್ ಪಶ್ಚಿಮ ಜರ್ಮನಿಯಲ್ಲೇ ಉಳಿದ, 1960ರ ದಶಕ ಮುಗಿಯುವ ಹೊತ್ತಿಗೆ ಮಾನ್‌ಫ್ರೆಡ್ ವೆಕ್‌ವರ್ತ್ ಕೂಡ ಬಿಟ್ಟ. ರಾಜಕೀಯದಲ್ಲಿ ಆಕೆ ತನ್ನ ದೇಶವಾದ ಪೂರ್ವ ಜರ್ಮನಿಯ ಆಡಳಿತದ ಜತೆಗೇ ನಿಂತಳು. ನಾಟಕಕಾರ ಹೈನರ್ ಮ್ಯೂಲರ್‌ನ ನಾಟಕ 1961ರಲ್ಲಿ ನಿಷೇಧಕ್ಕೆ ಸಿಕ್ಕಾಗ, ಅವನು ಆಳುವ ಪಕ್ಷದವರ ಮುಂದೆ ಒಪ್ಪಿಸಬೇಕಿದ್ದ ಆತ್ಮವಿಮರ್ಶೆ ಬರೆಯಲು ಆಕೆ ನೆರವಾದಳು. ಅವನನ್ನು ಉಳಿಸಲೆಂದೇ ಮಾಡಿದ ಸಹಾಯವದು. ಆದರೆ ತಲೆ ತಗ್ಗಿಸುವುದನ್ನು ಕಲಿಸಿದ ಸಹಾಯವೂ ಹೌದು. ವ್ಯವಸ್ಥೆಯೊಡನೆ ಚೌಕಾಸಿ ಮಾಡಿ ಮಕ್ಕಳನ್ನು ಉಳಿಸಿಕೊಳ್ಳಬಹುದೆಂದು ನಂಬಿದ ತಾಯಿಯ ಪಾತ್ರವನ್ನು ಅಷ್ಟು ಚೆನ್ನಾಗಿ ಬಲ್ಲವಳು ಇಲ್ಲಿ ಅದೇ ದಾರಿ ಹಿಡಿದದ್ದು ನನಗೆ ನೋವಿನ ವಿಷಯ.

ಆದರೂ ತಕ್ಕಡಿ ಯಾವ ಕಡೆ ಬಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ರಂಗನಟರ ಕೆಲಸ ಅವರೊಡನೆ ಮುಗಿಯುತ್ತದೆ. ಈಕೆಯ ಕೆಲಸ ಮುಗಿದಿಲ್ಲ, ಯಾಕೆಂದರೆ ಅದು ಒಂದು ಮುಖದ ಚೆಲುವನ್ನಾಗಲಿ ಗಂಟಲಿನ ಇಂಪನ್ನಾಗಲಿ ನಂಬಿ ನಿಂತದ್ದಲ್ಲ. ನೋಡುವುದು, ಕೂಡಿಡುವುದು, ಆರಿಸುವುದು, ಬೇಕಾದಷ್ಟೇ ಕೊಡುವುದು, ಇದು ಯಾರೂ ಕಲಿಯಬಹುದಾದ ದುಡಿಮೆ. ವೈಗೆಲ್ ನಟನೆಯನ್ನು ದೈವದತ್ತ ವರದ ಮಟ್ಟದಿಂದ ಇಳಿಸಿ ಕಸುಬಿನ ಮಟ್ಟದಲ್ಲಿ ನಿಲ್ಲಿಸಿದಳು, ಹಾಗೆ ನಿಲ್ಲಿಸಿಯೇ ಎತ್ತರಿಸಿದಳು.

1971ರ ಏಪ್ರಿಲ್‌ನಲ್ಲಿ ಪ್ಯಾರಿಸ್ ಪಕ್ಕದ ನಾಂತೇರ್‌ನಲ್ಲಿ ಆಕೆ ವ್ಲಾಸೋವಾ ಆಗಿ ಕೊನೆಯ ಸಲ ರಂಗ ಹತ್ತಿದಳು. ಮೇ 6ರಂದು, 71 ತುಂಬಲು ಆರು ದಿನ ಇರುವಾಗ, ಬರ್ಲಿನ್ನಿನಲ್ಲಿ ತೀರಿಕೊಂಡಳು. ಪಾಲಿಚ್ ಮತ್ತು ವೆಕ್‌ವರ್ತ್ ಸೇರಿ ‘ಮದರ್ ಕರೇಜ್’ ಪ್ರಯೋಗವನ್ನು ಚಿತ್ರೀಕರಿಸಿದ 1961ರ ಕಪ್ಪು ಬಿಳುಪು ಸಿನಿಮಾ ಉಳಿದಿದೆ, ಪ್ರಯೋಗದ ನೂರಾರು ಫೋಟೋಗಳೂ ಉಳಿದಿವೆ. ನಟನೆ ಕಲಿಯುವ, ಕಲಿಸುವ ನಮ್ಮವರೆಲ್ಲ ಅವನ್ನು ಹುಡುಕಿ ನೋಡಬೇಕು. ನೋಡುವಾಗ ಮುಖಕ್ಕಿಂತ ಮೊದಲು ಆಕೆಯ ಕೈ ನೋಡಿ.